ಮಣ್ಣುಮುಕ್ಕನ ಮಕ್ಕಳು

ಪಾವಗಡದ ಹೆಸರಿನಲ್ಲಿಯೇ ಒಂದು ಹಾವು ಸುರುಳಿ ಸುತ್ತಿಕೊಂಡು ಮಲಗಿದೆ. ಹಳಗನ್ನಡದ ‘ಪಾವು’ ನಡುಗನ್ನಡದ ವೇಳೆಗೆ ‘ಹಾವು’ ಆಯಿತು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು. ಊರಿನ ಹೆಸರು ಮಾತ್ರ ತನ್ನ ಹಳೆಯ ಪಕಾರವನ್ನು ಬಿಟ್ಟುಕೊಡಲಿಲ್ಲ. ಪಾವಗಡವೆಂದರೆ ಹಾವಿನ ಬೆಟ್ಟ ಎಂದು ವಿವರಿಸುವುದು ವಾಡಿಕೆ. ತಾಲ್ಲೂಕಿನ ಬಹುಪಾಲು ಎಲ್ಲೆಗೆ ಆಂಧ್ರದ ನೆಲ ತಾಗಿಕೊಂಡಿದೆ. ಅಲ್ಲಿ ಹಾವಿಗೆ ಇಂದಿಗೂ ‘ಪಾಮು’ ಎಂದೇ ಹೆಸರು. ಈ ನೆರೆಯ ಬಲವೇ ನಮ್ಮ ಪಕಾರವನ್ನು ಕಾಪಾಡಿತೆಂದು ನನ್ನ ಊಹೆ. ಭಾಷಾಶಾಸ್ತ್ರಜ್ಞರು ಒಪ್ಪದಿದ್ದರೆ ನನ್ನದೇನೂ ಹಠವಿಲ್ಲ.

ಶ್ರೋತೃಗಳೇ, ಇಂದು ನಾನು ಮಾತನಾಡಬೇಕೆಂದಿರುವುದು ಹಾವಿನ ಪೂಜೆಯನ್ನು ಕುರಿತಲ್ಲ, ಹಾವಿನ ವಿಷವನ್ನು ಕುರಿತೂ ಅಲ್ಲ. ಅವೆರಡನ್ನೂ ಕುರಿತು ತಾವು ಬೇಕಾದಷ್ಟು ಕೇಳಿದ್ದೀರಿ. ಹಾವಿನ ಮರಿಗಳನ್ನು ಕುರಿತು, ಅವು ಬೆಳೆಯುತ್ತ ಬೆಳೆಯುತ್ತ ಬಣ್ಣ ಬದಲಿಸುವ ಬಗೆಯನ್ನು ಕುರಿತು ಒಂದೆರಡು ಮಾತು ಹೇಳುತ್ತೇನೆ.

ಅಮೆರಿಕದಲ್ಲಿ ಮಕ್ಕಳು ಮನೆಯಲ್ಲಿ ಸಾಕುವ ಹಾವೊಂದಿದೆ. ಗಾರ್ಟರ್ ಹಾವು ಎಂದು ಅದನ್ನು ಕರೆಯುತ್ತಾರೆ. ಗಾರ್ಟರ್ ಎಂದರೆ ಕಾಲುಚೀಲ ಜಾರದಂತೆ ಬಿಗಿಯುವ ಪಟ್ಟಿ. ಬೆನ್ನಿನುದ್ದಕ್ಕೂ ಹರಿದಿರುವ ಹಳದಿ ಗೆರೆಗಳಿಂದ ಅದಕ್ಕೆ ಆ ಹೆಸರು. ಅದು ಮೊಟ್ಟೆಯಿಡುವುದಿಲ್ಲ, ಮರಿ ಹಾಕುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಮರಿಗಳನ್ನಿಟ್ಟು, ಎರೆಹುಳು ತಿನ್ನಿಸಿ, ಅವು ದಿನದಿನಕ್ಕೆ ಬೆಳೆಯುವುದನ್ನು ಮಕ್ಕಳು ನೋಡುತ್ತಾರೆ. ಈರಿ ಸರೋವರದ ಸುತ್ತಮುತ್ತ ಹುಟ್ಟುತ್ತಲೇ ಕಾಡಿಗೆಯಂತೆ ಕಪ್ಪಾಗಿರುವ ಮರಿಗಳೂ ಇವೆಯಂತೆ. ಈ ಹಾವಿನ ನೆಂಟ ನಮ್ಮಲ್ಲಿಯೂ ಇದೆ: ಮಳೆಗಾಲದಲ್ಲಿ ಕೆರೆಯಂಚಿನ ಹುಲ್ಲಿನಲ್ಲಿ ಕಪ್ಪೆ ಹಿಡಿಯುತ್ತ ಓಡಾಡುವ, ಬೆನ್ನ ಮೇಲೆ ಎರಡು ತಿಳಿ ಹಳದಿ ಗೆರೆಗಳುಳ್ಳ ಸಾಧು ಹಾವು. 1758ರಲ್ಲಿ ಲಿನೇಯಸ್ ಪಂಡಿತನು ಇವೆರಡಕ್ಕೂ ಲ್ಯಾಟಿನ್ ಹೆಸರಿಟ್ಟ. ಒಂದಕ್ಕೆ ಕಾಲುಪಟ್ಟಿಯ ಹೆಸರು. ನಮ್ಮದಕ್ಕೆ ರೋಮಿನ ಗೃಹಿಣಿಯರು ತೊಡುತ್ತಿದ್ದ ‘ಸ್ತೋಲಾ’ ಎಂಬ ನಿಲುವಂಗಿಯ ಹೆಸರು. ಹಾವಿಗೂ ಉಡುಗೆ ತೊಡಿಸಿ ನೋಡಿದ ಆ ಪಂಡಿತನ ರಸಿಕತೆಯನ್ನು ಮೆಚ್ಚಬೇಕು.

ನಮ್ಮ ದೇಶದಲ್ಲಿ ಹಾವನ್ನು ಹಿಡಿದು ತಂದು ಮನೆಯಲ್ಲಿ ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅದಕ್ಕೆ ಎಡೆಗೊಡುವುದಿಲ್ಲ, ಅದು ಸರಿಯೇ. ಆದ್ದರಿಂದ ಮರಿಗಳು ಬೆಳೆಯುವುದನ್ನು ದಿನವೂ ನೋಡುವ ಅವಕಾಶ ನಮ್ಮಂಥವರಿಗೆ ಒದಗುವುದು ಅಪರೂಪ. ನನಗೆ ಅದು ಒದಗಿದ್ದು ಮಣ್ಣುಮುಕ್ಕನ ಮೂಲಕ.

ಮಣ್ಣುಮುಕ್ಕನನ್ನು ನಮ್ಮ ಕಡೆಯ ರೈತರಿಗೆ ಪರಿಚಯಿಸಬೇಕಾಗಿಲ್ಲ. ನಿಡುಗಲ್ಲಿನ ಬೆಟ್ಟದಿಂದ ಮಧುಗಿರಿಯ ಬಂಡೆಯವರೆಗೆ, ಶಿರಾದ ಬಯಲಿನಲ್ಲಿ, ಕೊರಟಗೆರೆಯ ಹಳ್ಳದ ದಂಡೆಗಳಲ್ಲಿ, ಎಲ್ಲೆಲ್ಲಿ ಸಡಿಲವಾದ ಕೆಂಪು ಮರಳುಮಣ್ಣು ಇದೆಯೋ ಅಲ್ಲೆಲ್ಲ ಅದು ಉಂಟು. ಮಣ್ಣನ್ನು ತಿಂದು ಬದುಕುತ್ತದೆಂದು ಹೆಸರು ಹೇಳುತ್ತದೆ. ಅದು ನಿಜವಲ್ಲ, ಮಣ್ಣಿನೊಳಗಿದ್ದು ಇಲಿಗಳನ್ನು ತಿಂದು ಬದುಕುತ್ತದೆ. ಮೂತಿ ಗುದ್ದಲಿಯ ಅಲಗಿನಂತೆ ಚಪ್ಪಟೆ, ಕಣ್ಣು ಸಾಸುವೆ ಕಾಳಿನಷ್ಟು, ಬಾಲ ಮೊಂಡು. ಕಡಲೆಕಾಯಿ ಹೊಲದ ಇಲಿಬಿಲಗಳಿಗೆ ಇದಕ್ಕಿಂತ ಒಳ್ಳೆಯ ಕಾವಲುಗಾರ ಬೇರಿಲ್ಲ. ವಿಷವಿಲ್ಲ, ಕಚ್ಚುವುದೂ ಅಪೂರ್ವ. ಹೆದರಿದಾಗ ತಲೆಯನ್ನು ಸುರುಳಿಯೊಳಗೆ ಅಡಗಿಸಿ, ತಲೆಯಂತೆ ಕಾಣುವ ಬಾಲವನ್ನು ಮೇಲೆತ್ತಿ ತೋರಿಸುತ್ತದೆ. ಏಟು ಬೀಳುವುದಾದರೆ ಬಾಲಕ್ಕೆ ಬೀಳಲಿ ಎಂಬ ಉಪಾಯ. ‘ಎರಡು ತಲೆಯ ಹಾವು’ ಎಂಬ ಹೆಸರು ಬಂದದ್ದು ಈ ಉಪಾಯದಿಂದ. ಶತ್ರುವನ್ನು ವಂಚಿಸಲೆಂದು ಅದು ಕಲಿತ ವಿದ್ಯೆ ಮನುಷ್ಯನ ಮುಂದೆ ಅದಕ್ಕೇ ಮುಳುವಾಯಿತು. ತರಂಗಂಬಾಡಿಯಲ್ಲಿದ್ದ ಜಾನ್ ಎಂಬ ಜರ್ಮನ್ ಪಾದ್ರಿಯ ಹೆಸರನ್ನು 1801ರಲ್ಲಿ ಪ್ಯಾಟ್ರಿಕ್ ರಸೆಲ್ ಈ ಹಾವಿಗಿಟ್ಟ. ಕೊಳಕುಮಂಡಲಕ್ಕೆ ಇಂಗ್ಲಿಷಿನಲ್ಲಿ ಯಾರ ಹೆಸರಿದೆಯೋ ಅದೇ ರಸೆಲ್.

ಎರಡು ತಲೆಯ ಹಾವು ಮನೆಯಲ್ಲಿದ್ದರೆ ಸಂಪತ್ತು ಬರುತ್ತದೆ, ರೋಗ ಹೋಗುತ್ತದೆ, ನಿಧಿ ಸಿಗುತ್ತದೆ ಎಂಬ ವದಂತಿಯನ್ನು ಯಾರೋ ಹುಟ್ಟಿಸಿದರು. ತೂಕಕ್ಕೆ ತಕ್ಕ ಬೆಲೆ, ಇಷ್ಟು ತೂಗಿದರೆ ಲಕ್ಷ, ಅಷ್ಟು ತೂಗಿದರೆ ಕೋಟಿ ಎಂಬ ಮಾತು ಹಬ್ಬಿತು. ಕೋಟಿ ಕೊಟ್ಟವನನ್ನು ನಾನಂತೂ ಕಂಡಿಲ್ಲ. ಕೊಡುತ್ತಾನೆಂದು ನಂಬಿ ಜೈಲು ಕಂಡವರ ಸುದ್ದಿಯನ್ನು ಪತ್ರಿಕೆಗಳಲ್ಲಿ ಆಗಾಗ ಓದುತ್ತೇನೆ. 2016ರಿಂದ 2021ರವರೆಗಿನ ಅವಧಿಯಲ್ಲಿ ದೇಶದಲ್ಲಿ ಈ ಒಂದೇ ಹಾವಿನ ಸಾಗಣೆಗೆ ಸಂಬಂಧಿಸಿದ 172 ಪ್ರಕರಣಗಳನ್ನು ವನ್ಯಜೀವಿ ಸಂರಕ್ಷಣೆಯ ಸಂಸ್ಥೆಯೊಂದು ಲೆಕ್ಕ ಹಾಕಿದೆ. ಸಿಕ್ಕಿಬಿದ್ದವುಗಳ ಲೆಕ್ಕ ಅದು.

ಅಂಥ ಒಂದು ಪ್ರಕರಣದಲ್ಲಿ ಸಿಕ್ಕಿದ ಹೆಣ್ಣುಹಾವು 2019ರ ಬೇಸಗೆಯ ಕೊನೆಯಲ್ಲಿ ನನ್ನ ಹಳೆಯ ಶಿಷ್ಯನೊಬ್ಬನ ಕೈಸೇರಿತು. ಅವನು ಹಿಂದೆ ನನ್ನಲ್ಲಿ ಐಚ್ಛಿಕ ಕನ್ನಡ ಓದಿದವನು. ಈಗ ಪ್ರೌಢಶಾಲೆಯಲ್ಲಿ ಅಧ್ಯಾಪಕ. ಮನೆಗಳಿಗೆ ನುಗ್ಗಿದ ಹಾವುಗಳನ್ನು ಹಿಡಿದು ಹೊರಗೆ ಬಿಡುವ ಕೆಲಸದಲ್ಲಿ ಪಳಗಿದ್ದಾನೆ. ಅರಣ್ಯ ಇಲಾಖೆಯವರು ಅನುಮತಿಯ ಕಾಗದ ಕೊಟ್ಟು, ಗಾಯ ಮಾಯುವವರೆಗೆ ನೋಡಿಕೊಳ್ಳುವಂತೆ ಅದನ್ನು ಅವನಿಗೆ ಒಪ್ಪಿಸಿದ್ದರು. ಬಾಲಕ್ಕೆ ಕಾದ ಕಬ್ಬಿಣದಿಂದ ಎರಡು ಕಣ್ಣು, ಒಂದು ಬಾಯಿ ಬರೆದಿದ್ದರು, ಕೊಳ್ಳುವವನಿಗೆ ಎರಡನೆಯ ತಲೆ ಸ್ಪಷ್ಟವಾಗಿ ಕಾಣಲೆಂದು. ಪಶುವೈದ್ಯರ ಮುಲಾಮು ಹಚ್ಚುತ್ತ ಹಚ್ಚುತ್ತ ಅವನಿಗೆ ಹಾವಿನ ಹೊಟ್ಟೆ ದಪ್ಪಗಾಗಿರುವುದು ಗೊತ್ತಾಯಿತು. “ಸಾರ್, ಇದು ಬಸುರಿ” ಎಂದು ಫೋನಿನಲ್ಲಿ ಹೇಳಿದ. ಆ ವರ್ಷ ನಾಗರಪಂಚಮಿ ಆಗಸ್ಟ್ 5ರಂದು ಬಂದಿತ್ತು. ಅದೇ ವಾರ ಒಂದು ರಾತ್ರಿ ಒಂಬತ್ತು ಮರಿಗಳು ಹುಟ್ಟಿದವು. ಒಂದು ಉಳಿಯಲಿಲ್ಲ.

ಮರುದಿನ ಹೋಗಿ ನೋಡಿದೆ. ಮರಳು ತುಂಬಿದ ಪೆಟ್ಟಿಗೆಯ ಒಂದು ಮೂಲೆಯಲ್ಲಿ ತಾಯಿ. ಅದರ ಬಣ್ಣವನ್ನು ಹೇಗೆ ವರ್ಣಿಸಲಿ? ನಮ್ಮ ಕಡೆಯವರಿಗೆ ಒಂದೇ ಮಾತು ಸಾಕು: ರಾಗಿಮುದ್ದೆಯ ಬಣ್ಣ. ತಲೆಯಿಂದ ಬಾಲದವರೆಗೆ ಒಂದೇ ಸಮ, ಒಂದು ಗೆರೆಯಿಲ್ಲ, ಚುಕ್ಕೆಯಿಲ್ಲ. ಇನ್ನೊಂದು ಮೂಲೆಯಲ್ಲಿ ಮರಿಗಳು. ಗೇಣುದ್ದದ ಎಂಟು ಕೆಂಡದ ಎಳೆಗಳು! ಹಣ್ಣು ಮೆಣಸಿನಕಾಯಿಗೆ ಸ್ವಲ್ಪ ಅರಿಸಿನ ಬೆರೆತಂಥ ಕೆಂಪು. ಬೆನ್ನಿನ ಹಿಂಭಾಗದಲ್ಲಿ ಕಪ್ಪು ಪಟ್ಟಿಗಳು, ಬಾಲದಲ್ಲಿ ಅಚ್ಚಗಪ್ಪಿನ ಬಳೆಗಳು. ಇವು ಆ ತಾಯಿಯ ಮಕ್ಕಳೆಂದು, ಹುಟ್ಟಿದ್ದನ್ನು ನೋಡದವರು ಯಾರೂ ನಂಬುವುದಿಲ್ಲ. ಶಿಷ್ಯನ ತಾಯಿ, ಎಪ್ಪತ್ತು ದಾಟಿದವರು, ಬಾಗಿಲಲ್ಲಿ ನಿಂತೇ ನೋಡಿ, “ಬಾಣಂತಿಗೆ ಹಸಿವಾಗಿರ್ತದೆ, ಏನಾದರೂ ಹಾಕಪ್ಪ” ಎಂದರು. ಆ ಮನೆಯಲ್ಲಿ ಅಂದಿನಿಂದ ತಾಯಿಹಾವಿಗೆ ಬಾಣಂತಿಯೆಂದೇ ಹೆಸರಾಯಿತು.

ಹಾವಿನ ತಾಯಿ ಮರಿಗಳನ್ನು ಸಾಕುವುದಿಲ್ಲ. ಹುಟ್ಟಿದ ಗಳಿಗೆಯಿಂದ ಮರಿ ತನ್ನ ಹೊಟ್ಟೆಯನ್ನು ತಾನೇ ಹೊರೆದುಕೊಳ್ಳಬೇಕು. ‘ಹೊರೆ’ ಎಂಬ ಈ ಕ್ರಿಯಾಪದದ ಹಳೆಯ ರೂಪ ‘ಪೊರೆ’. ಪೊರೆಯುವುದೆಂದರೆ ಕಾಪಾಡುವುದು, ಸಾಕುವುದು. ಹಾವು ಕಳಚುವ ಚರ್ಮಕ್ಕೂ ನಾವು ಪೊರೆಯೆಂದೇ ಹೇಳುತ್ತೇವೆ. ಈ ಎರಡು ಪೊರೆಗಳಿಗೆ ಮೂಲದಲ್ಲಿ ನಂಟಿದೆಯೆಂದು ನಾನು ವಾದಿಸುವುದಿಲ್ಲ. ಆದರೆ ಆ ಮನೆಯಲ್ಲಿ ಎರಡನ್ನೂ ಒಟ್ಟಿಗೆ ಕಂಡೆ. ಎರಡನೆಯ ವಾರದಲ್ಲಿ ಮರಿಗಳ ಕಣ್ಣು ಸುಣ್ಣದ ತಿಳಿಯಂತೆ ಮಬ್ಬಾದವು. ಮೈಯ ಕೆಂಪು ಬೂದಿ ಮುಚ್ಚಿದ ಕೆಂಡದಂತಾಯಿತು. ಹಳೆಯ ಪದರಕ್ಕೂ ಹೊಸ ಪದರಕ್ಕೂ ನಡುವೆ ಒಸರುವ ದ್ರವದಿಂದ ಹೀಗಾಗುತ್ತದೆ. ಆಗ ಹಾವಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ನಾವು ಮುದುಕರು ಕಣ್ಣಿಗೆ ಪೊರೆ ಬಂದಿದೆ ಎನ್ನುವಾಗ ಬಳಸುವುದೂ ಇದೇ ಮಾತು. ಅದರ ಪೊರೆ ತಾನಾಗಿ ಕಳಚುತ್ತದೆ, ನಮ್ಮದಕ್ಕೆ ಡಾಕ್ಟರು ಬೇಕು. ನಾಲ್ಕೈದು ದಿನಗಳ ಮೇಲೆ ಕಣ್ಣು ತಿಳಿಯಾಯಿತು. ಮೂತಿಯನ್ನು ಕಲ್ಲಿಗೆ ಉಜ್ಜಿ, ಒಂದೊಂದೇ ಮರಿ ಕಾಲುಚೀಲ ತೆಗೆಯುವಂತೆ ಪೊರೆಯನ್ನು ಒಳಮೈ ಹೊರಗಾಗಿ ಕಳಚಿ ಬಂತು.

ಕಳಚಿದ ಪೊರೆಯನ್ನು ಎತ್ತಿ ಬೆಳಕಿಗೆ ಹಿಡಿದೆ. ಅದರಲ್ಲಿ ಕೆಂಪಿಲ್ಲ, ಕಪ್ಪು ಇದ್ದಲ್ಲಿ ಹೊಗೆಯ ನೆರಳಿನಂಥ ಛಾಯೆ ಇದ್ದರೆ ಉಂಟು. ಹುರುಪೆಗಳ ಅಚ್ಚು, ಕಣ್ಣಿನ ಮೇಲಿನ ಪಾರದರ್ಶಕ ಬಿಲ್ಲೆ, ಎಲ್ಲವೂ ಇವೆ. ಬಣ್ಣ ಮಾತ್ರ ಹಾವಿನ ಜೊತೆಗೇ ಹೋಗಿದೆ. ಬಣ್ಣದ ಕಣಗಳಿರುವುದು ಅದಕ್ಕಿಂತ ಒಳಗಿನ ಪದರದಲ್ಲಿ: ಕಪ್ಪು ಕಂದುಗಳ ಕಣಗಳು ಬೇರೆ, ಹಳದಿ ಕೆಂಪುಗಳವು ಬೇರೆ, ಬೆಳಕನ್ನು ಕನ್ನಡಿಯಂತೆ ಹಿಂದಿರುಗಿಸುವ ಹರಳುಗಳುಳ್ಳವು ಬೇರೆ. ಈ ಮೂರರ ಕೂಡಾಟವೇ ಹಾವಿನ ಬಣ್ಣ. ವಯಸ್ಸಿನೊಡನೆ ಅವುಗಳ ಪ್ರಮಾಣ ಬದಲಾಗುತ್ತದೆ, ಬಣ್ಣವೂ ಬದಲಾಗುತ್ತದೆ. ಪೊರೆ ಕಳಚಿದೊಡನೆ ಹೊಸ ಬಣ್ಣ ಬರುತ್ತದೆಂದು ನಾವು ತಿಳಿದಿರುವುದು ಅರ್ಧಸತ್ಯ. ಪೊರೆ ಕಳಚಿದಾಗ ನಮಗೆ ಕಾಣುವುದು ಕೆಳಗೆ ಅಷ್ಟು ದಿನವೂ ಸದ್ದಿಲ್ಲದೆ ನಡೆಯುತ್ತಿದ್ದ ಬದಲಾವಣೆ.

ನಾನು ತಿಂಗಳಿಗೆ ಒಂದೆರಡು ಸಲ ಹೋಗುತ್ತಿದ್ದೆ. ಮೊದಲ ಪೊರೆಯ ಅನಂತರ ಕೆಂಪು ಇನ್ನಷ್ಟು ಹೊಳೆಯಿತು. ಆಗ ಅವು ಎಳೆಯ ಇಲಿಮರಿಗಳನ್ನು ತಿನ್ನತೊಡಗಿದವು. ಕಡಲೆಕಾಯಿಯ ಗೋದಾಮಿನಿಂದ ಅವನ್ನು ತರುವುದೇ ಶಿಷ್ಯನಿಗೆ ಒಂದು ಉದ್ಯೋಗವಾಯಿತು. ಎರಡು ಮರಿಗಳು ಮಾತ್ರ ಬಾಯಿ ಹಾಕಲೇ ಇಲ್ಲ. ದೀಪಾವಳಿಯವರೆಗೂ ಅವು ದಾರದಂತೆಯೇ ಇದ್ದವು. ಸಂಕ್ರಾಂತಿಯ ಹೊತ್ತಿಗೆ ಉಳಿದ ಆರು ಮರಿಗಳ ಮೆಣಸಿನಕಾಯಿ ಕೆಂಪು ಆವಿಗೆಯಿಂದ ಆಗತಾನೆ ತೆಗೆದ ಇಟ್ಟಿಗೆಯ ಕೆಂಪಿಗೆ ಇಳಿದಿತ್ತು. ಬೆನ್ನಿನ ಪಟ್ಟಿಗಳು ಅಂಚಿನಿಂದ ಕರಗುತ್ತ ಬಂದವು. ಬಾಲದ ಬಳೆಗಳು ಗಟ್ಟಿಯಾಗಿ ಉಳಿದವು. ಎಲ್ಲವೂ ಒಂದೇ ಹೆಜ್ಜೆಯಲ್ಲಿ ನಡೆಯಲಿಲ್ಲ ಎಂಬುದು ನನಗೆ ಸೋಜಿಗ. ಒಂದೇ ತಾಯಿಯ, ಒಂದೇ ರಾತ್ರಿ ಹುಟ್ಟಿದ ಮರಿಗಳಲ್ಲಿ ಒಂದು ಬೇಗನೆ ಕಂದಾಯಿತು. ಇನ್ನೊಂದು ತನ್ನ ಕೆಂಪನ್ನು ಬಿಡದೆ ಹಿಡಿದುಕೊಂಡಿತ್ತು. ಉಣ್ಣದ ಎರಡು ಮರಿಗಳು ಹುಟ್ಟಿದ ದಿನದ ಬಣ್ಣದಲ್ಲಿಯೇ ಬಹುಮಟ್ಟಿಗೆ ನಿಂತಿದ್ದವು. ಬೆಳೆಯದ ಮೈಯಲ್ಲಿ ಬಣ್ಣ ಹಣ್ಣಾಗುವುದು ಹೇಗೆ?

ಹಣ್ಣಾಗುವುದು ಎಂದೆ. ಕನ್ನಡಕ್ಕೆ ಇದು ಹೊಸದಲ್ಲ. ಹಸಿ, ಹಸುರು, ಹಸುಳೆ ಮೂರೂ ಒಂದೇ ಬೇರಿನ ಮಾತುಗಳು. ಕಾಯಿಗೂ ಮಗುವಿಗೂ ಒಂದೇ ಬಣ್ಣದ ಮಾತನ್ನು ನಮ್ಮ ಹಿರಿಯರು ಕೊಟ್ಟರು. ಮುದುಕನನ್ನು ಹಣ್ಣುಹಣ್ಣು ಮುದುಕ ಎಂದರು. ಬಣ್ಣವೆಂದರೆ ವಸ್ತುವಿನ ಗುಣವಷ್ಟೇ ಅಲ್ಲ, ಅದರ ವಯಸ್ಸೂ ಹೌದು ಎಂಬ ತಿಳಿವಳಿಕೆ ಈ ಮಾತುಗಳಲ್ಲಿದೆ. ಮಾವಿನಕಾಯಿಯ ವಿಷಯದಲ್ಲಿ ನಾವು ಇದನ್ನು ಮರೆಯುವುದಿಲ್ಲ. ಹಾವಿನ ವಿಷಯದಲ್ಲಿ ಮರೆಯುತ್ತೇವೆ. ಒಂದು ಹಾವಿಗೆ ಒಂದೇ ಬಣ್ಣ ಎಂದು ನಿಶ್ಚಯಿಸಿಕೊಂಡು, ಬೇರೆ ಬಣ್ಣದ ಮರಿ ಕಂಡರೆ ಅದನ್ನು ಬೇರೆಯೇ ಹಾವೆನ್ನುತ್ತೇವೆ, ಬಹುಶಃ ಘೋರ ವಿಷದ್ದೇ ಎನ್ನುತ್ತೇವೆ.

ಇದರ ಫಲವನ್ನು ಅನುಭವಿಸುವುದು ಮರಿಗಳು. ಕೇರೆಯ ಮರಿಯ ಮೈಮುಂಭಾಗದಲ್ಲಿ ತಿಳಿ ಬಣ್ಣದ ಅಡ್ಡಪಟ್ಟೆಗಳಿರುತ್ತವೆ, ಬೆಳೆದ ಕೇರೆಯಲ್ಲಿ ಅವು ಕಾಣವು. ಕೇರೆಯನ್ನು ಬಿಟ್ಟುಬಿಡುವ ರೈತನೂ ಪಟ್ಟೆಯ ಮರಿಯನ್ನು ಹೊಡೆಯುತ್ತಾನೆ. ಗಾರ್ಟರಿನ ಬಳಗಕ್ಕೇ ಸೇರಿದ, ನೆಲಗಪ್ಪೆಗಳನ್ನು ತಿನ್ನುವ ಹಸಿರು ಹಾವೊಂದು ದಖನ್ನಿನ ಬೆಟ್ಟಗಳಲ್ಲಿದೆ. ಮರಿಯಾಗಿದ್ದಾಗ ಅದರ ಕತ್ತಿನ ಮೇಲೆ ಹಳದಿ ಕಪ್ಪುಗಳ ಬಾಣದ ಗುರುತು. ದೊಡ್ಡದಾದಾಗ ಬರಿಯ ಹಸಿರು. ಮನೆಯ ಗೋಡೆಯಲ್ಲಿ ಹಲ್ಲಿ ಹಿಡಿಯುವ ಚಿಕ್ಕ ಹಾವೊಂದು ಕಟ್ಟುಹಾವೆಂಬ ಆರೋಪದ ಮೇಲೆ ಪ್ರಾಣ ಕೊಡುತ್ತಲೇ ಇದೆ. ಕಟ್ಟುಹಾವಿನ ಬಿಳಿಪಟ್ಟೆಗಳು ತಲೆಯ ಕಡೆ ಮಾಸಿ ಬಾಲದ ಕಡೆ ಸ್ಪಷ್ಟವಾಗುತ್ತವೆ. ಈ ಬಡಪಾಯಿಯವು ತಲೆಯ ಕಡೆ ಸ್ಪಷ್ಟವಾಗಿ ಬಾಲದ ಕಡೆ ಮಾಸುತ್ತವೆ. ಆದರೆ ಕೋಲು ಕೈಯಲ್ಲಿರುವಾಗ ಇದನ್ನು ನೋಡುವ ವ್ಯವಧಾನ ಯಾರಿಗಿದೆ? ಹಾವು ಚಿಕ್ಕದಾದರೂ ದೊಡ್ಡ ಕೋಲಿನಿಂದ ಹೊಡೆಯಬೇಕೆಂಬ ತೆಲುಗು ಗಾದೆ ನಮ್ಮ ಗಡಿಯ ಈಚೆಗೂ ಚಲಾವಣೆಯಲ್ಲಿದೆ. ನಾಗರ, ಕೊಳಕುಮಂಡಲಗಳ ಮರಿಗೂ ಹುಟ್ಟಿದಾಗಿನಿಂದಲೇ ವಿಷವುಂಟು. ಆದ್ದರಿಂದ ಗುರುತು ತಿಳಿಯದ ಮರಿಯನ್ನು ಮುಟ್ಟಿರೆಂದು ನಾನು ಯಾರಿಗೂ ಹೇಳೆನು. ದೂರ ನಿಂತು, ಬಲ್ಲವರನ್ನು ಕರೆಸುವುದು ಮೇಲು. ಕೊಳಕುಮಂಡಲವನ್ನೇ ಹೋಲುವ ಮಚ್ಚೆಗಳುಳ್ಳ ಮಣ್ಣುಮುಕ್ಕನ ಸೋದರ ಜಾತಿಯೊಂದೂ ನಮ್ಮ ಹೊಲಗಳಲ್ಲಿದೆ; ಪುಸ್ತಕ ಓದಿದವರೂ ಅಲ್ಲಿ ತಬ್ಬಿಬ್ಬಾಗುತ್ತಾರೆ.

ಇನ್ನು ನಮ್ಮ ಎಂಟು ಮರಿಗಳ ಸಂಗತಿ. ಪೊಲೀಸರ ಭಾಷೆಯಲ್ಲಿ ತಾಯಿಹಾವು ‘ಮುದ್ದೆಮಾಲು’. ಅದನ್ನು ಬಿಡಲು ನ್ಯಾಯಾಲಯದ ಅಪ್ಪಣೆ ಬೇಕು. ಮುದ್ದೆಮಾಲು ಒಂದಿದ್ದದ್ದು ಒಂಬತ್ತಾದಾಗ ಯಾವ ಕಾಗದದಲ್ಲಿ ಏನು ಬರೆಯಬೇಕೆಂಬ ಚರ್ಚೆ ಸ್ವಲ್ಪ ದಿನ ನಡೆಯಿತು. ಗಾಯ ಮಾಯುವುದೂ ತಡವಾಯಿತು. ಕಬ್ಬಿಣದ ಬರೆಯ ಮೇಲೆ ಬಂದ ಹೊಸ ಚರ್ಮ ಪ್ರತಿಸಲವೂ ಪೊರೆಯೊಡನೆ ಸಿಕ್ಕಿಕೊಂಡು ಹರಿಯುತ್ತಿತ್ತು. ಬೆಚ್ಚನೆಯ ನೀರಿನಲ್ಲಿ ನೆನೆಸಿ ಮೆಲ್ಲಗೆ ಬಿಡಿಸಬೇಕಾಗಿತ್ತು. ಎಲ್ಲವೂ ಒಂದು ಹದಕ್ಕೆ ಬಂತೆನ್ನುವಾಗ 2020ರ ಮಾರ್ಚಿ ಬಂತು, ದೇಶವೇ ಬಾಗಿಲು ಮುಚ್ಚಿತು. ಬೇಸಗೆಯೆಲ್ಲ ನಾನು ಮನೆಯಲ್ಲಿ, ಮರಿಗಳು ಪೆಟ್ಟಿಗೆಯಲ್ಲಿ. ಶಿಷ್ಯ ಫೋನಿನಲ್ಲಿ ಚಿತ್ರಗಳನ್ನು ಕಳುಹಿಸುತ್ತಿದ್ದ. ಆದರೆ ಫೋನಿನ ಗಾಜು ಬಣ್ಣದ ವಿಷಯದಲ್ಲಿ ನೆಚ್ಚತಕ್ಕದ್ದಲ್ಲ, ಎಲ್ಲವನ್ನೂ ಮದುವೆಮನೆಯ ದೀಪದಲ್ಲಿ ತೋರಿಸುತ್ತದೆ. ನಿಜವಾದ ಬಣ್ಣ ಕಂಡದ್ದು ಆ ವರ್ಷ ಮುಂಗಾರು ಹಿಡಿದ ಮೇಲೆ ಹೋದಾಗ. ಆರು ಮರಿಗಳು ಒಂದೂವರೆ ಗೇಣಿಗೆ ಬೆಳೆದಿದ್ದವು. ಇಟ್ಟಿಗೆಯ ಬಣ್ಣ ಹಳೆಯ ಮನೆಯ ಹಂಚಿನ ಬಣ್ಣವಾಗಿತ್ತು. ತಾಯಿಯ ಮುಖಲಕ್ಷಣ ಮಕ್ಕಳಲ್ಲಿ ತಡವಾಗಿ ಕಾಣಿಸಿಕೊಳ್ಳುವಂತೆ, ಕೆಂಪಿನ ಅಡಿಯಿಂದ ರಾಗಿಯ ಛಾಯೆ ಮೆಲ್ಲಗೆ ಮೇಲೆ ಬರುತ್ತಿತ್ತು. ಪೂರ್ಣವಾಗಿ ತಾಯಿಯಂತಾಗಲು ಇನ್ನೂ ಒಂದೆರಡು ಮಳೆಗಾಲ ಬೇಕು.

ಅಪ್ಪಣೆ ಬಂದದ್ದು ಶ್ರಾವಣದಲ್ಲಿ. ಬಿಟ್ಟ ಜಾಗದ ಹೆಸರನ್ನು ನಾನು ಹೇಳುವುದಿಲ್ಲ. ಕಾರಣವನ್ನು ತಾವು ಬಲ್ಲಿರಿ. ಒಂದು ಹಳ್ಳ, ಎರಡೂ ದಂಡೆಯಲ್ಲಿ ಮರಳು, ಹತ್ತಿರದಲ್ಲಿ ಕಡಲೆಕಾಯಿ ಹೊಲ ಎಂದರೆ ಸಾಕು. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಅಂಥ ಜಾಗಗಳಿಗೆ ಕೊರತೆಯಿಲ್ಲ. ಸಂಜೆ ಮಳೆ ನಿಂತ ಹೊತ್ತಿನಲ್ಲಿ ಅರಣ್ಯ ಇಲಾಖೆಯವರ ಎದುರಿನಲ್ಲಿ ತಾಯಿಯನ್ನು ಮೊದಲು ಬಿಟ್ಟರು. ಬಾಲದ ಮೇಲೆ ಮನುಷ್ಯ ಬರೆದ ಕಣ್ಣುಗಳು ಮಾಸಿದ್ದವು, ಬಾಯಿಯ ಗೆರೆ ಮಾತ್ರ ಹಾಗೆಯೇ ಇತ್ತು. ಅದು ತನ್ನ ನಿಜವಾದ ಬಾಯಿಯನ್ನು ಒದ್ದೆ ಮರಳಿಗೆ ಊರಿ, ಎರಡು ಸಲ ಅತ್ತಿತ್ತ ಒರಸಿ, ಮೊಳದುದ್ದ ಒಳಗೆ ಹೋಯಿತು. ಆರು ಮರಿಗಳನ್ನು ಒಂದೊಂದಾಗಿ, ಬೇರೆಬೇರೆ ಜಾಗಗಳಲ್ಲಿ ಬಿಟ್ಟೆವು.

ಉಣ್ಣದ ಎರಡು ಮರಿಗಳನ್ನು ಅಂದು ಬಿಡಲಾಗಲಿಲ್ಲ. ಅವುಗಳಲ್ಲಿ ಒಂದು ಆ ಚಳಿಗಾಲದಲ್ಲಿ ಸತ್ತಿತು. ಇನ್ನೊಂದಕ್ಕೆ, ಶಿಷ್ಯನ ತಾಯಿಯ ಸಲಹೆಯಂತೆ, ರಾತ್ರಿ ದೀಪವಾರಿಸಿದ ಮೇಲೆ ಪೆಟ್ಟಿಗೆಗೆ ಗೋಣಿತಾಟು ಮುಚ್ಚಿ ಇಲಿಮರಿಯನ್ನಿಟ್ಟರು. “ಎಲ್ಲರೂ ನೋಡ್ತಾ ಇದ್ದರೆ ಕೂಸು ಹೆಂಗೆ ಉಣ್ತದೆ?” ಎಂಬುದು ಆ ತಾಯಿಯ ಪ್ರಶ್ನೆಯಾಗಿತ್ತು. ಬೆಳಗ್ಗೆ ಇಲಿಮರಿ ಇರಲಿಲ್ಲ. 2021ರ ಯುಗಾದಿಯ ಹೊತ್ತಿಗೆ ಅದು ಒಡಹುಟ್ಟಿದವರು ಬಿಟ್ಟುಹೋದಾಗಿನ ಗಾತ್ರಕ್ಕೆ ಬಂದಿತ್ತು. ಬಣ್ಣ ಮಾತ್ರ ಅವುಗಳಿಗಿಂತ ಹಿಂದೆಯೇ ಇತ್ತು, ಇಟ್ಟಿಗೆಯ ಕೆಂಪು. ಮೊದಲ ಮಳೆ ಬಿದ್ದ ವಾರ ಅದೇ ಹಳ್ಳದ ದಂಡೆಯಲ್ಲಿ ಅದನ್ನೂ ಬಿಟ್ಟರು. ಮರಳಿನೊಳಗೆ ತಲೆ ಹೋಯಿತು, ಬೆನ್ನು ಹೋಯಿತು. ಕಡೆಗೆ ಉಳಿದ ಬಾಲದಲ್ಲಿ ಕಪ್ಪು ಬಳೆಗಳನ್ನು ಶಿಷ್ಯ ಎಣಿಸಿದ. ಮೂರು ಇದ್ದವಂತೆ.